ಡ್ರಮ್ಮಣ್ಣ ಕೇಳಿದ ಅರ್ಧ ಕಿಲೋ ನೀಲಿ

ಡ್ರಮ್ಮಣ್ಣನ ಸುದ್ದಿ ಮೊದಲ ಸಲ ಕಿವಿಗೆ ಬಿದ್ದ ದಿನ ಬಟ್ಟೆಯಕ್ಕ ಒರತೆಯ ಪಕ್ಕದಲ್ಲಿ ಬೆಡ್‌ಶೀಟ್ ಹಿಂಡುತ್ತಿದ್ದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಲಾಡ್ಜಿನ ಅಡುಗೆಯವನ ಕೈಯಲ್ಲಿ. ಅಡುಗೆಯವನು ಬರುತ್ತಿದ್ದದ್ದು ಹಿಂಡುವುದಕ್ಕಲ್ಲ, ಹೊಟ್ಟೆಯಲ್ಲಿದ್ದ ಸುದ್ದಿ ಇಳಿಸುವುದಕ್ಕೆ. ಯಜಮಾನರು ಹೊಸಬನೊಬ್ಬನನ್ನು ಕೆಲಸಕ್ಕೆ ಇಟ್ಟಿದ್ದಾರಂತೆ, ಅವನು ಮೂರು ಹೇಸರಗತ್ತೆ ಸಮೇತ ಬರುತ್ತಾನಂತೆ, ಪ್ರವಾಸಿಗರು ಕಕ್ಕಸಿನಲ್ಲಿ ಬಿಟ್ಟುಹೋದದ್ದನ್ನೆಲ್ಲ ಡ್ರಮ್ಮಿಗೆ ತುಂಬಿ ಬೆಟ್ಟದಿಂದ ಕೆಳಗೆ ಸಾಗಿಸುವುದೇ ಅವನ ಉದ್ಯೋಗವಂತೆ.

ಬಟ್ಟೆಯಕ್ಕ ನಕ್ಕ ರಭಸಕ್ಕೆ ಶೀಟು ಕೈಜಾರಿ ಕೆಸರಿಗೆ ಬಿತ್ತು. ಮೇಲಕ್ಕೆ ಹೊರುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ತೀರಿಕೊಂಡ ಅವಳ ಗಂಡನೇ ಹಮಾಲಿ. ಪ್ರವಾಸಿಗರ ಪೆಟ್ಟಿಗೆ, ಗ್ಯಾಸ್ ಸಿಲಿಂಡರು, ಒಮ್ಮೆ ಕಾಲು ಉಳುಕಿದ ದಪ್ಪನೆಯ ಹೆಂಗಸೊಬ್ಬಳನ್ನೂ ಹೊತ್ತು ತಂದಿದ್ದ. ಆದರೆ ತಿಂದದ್ದನ್ನು ವಾಪಸು ಕೆಳಗಿಳಿಸಲೂ ಒಬ್ಬ ಬೇಕಾಗುತ್ತಾನೆಂದು ಅವಳಿಗೆ ಹೊಳೆದಿರಲಿಲ್ಲ.

ಬೇಕಾಗುವ ಹಾಗೆ ಆಗಿತ್ತು. ರಸ್ತೆ ಮುಗಿಯುವ ಜಾಗದಿಂದ ನಾಲ್ಕು ಗಂಟೆ ನಡೆದರೆ ಸಿಗುವ ಊರು ಅದು. ಹದಿನೈದು ಮನೆ, ಆಲೂಗಡ್ಡೆ ಹೊಲ, ಒಂದಷ್ಟು ಕುರಿ. ಎದುರಿಗೆ ಹಿಮದ ಶಿಖರ ಇದೆಯೆಂದು ಪೇಟೆಯವರು ಕಂಡುಹಿಡಿದ ಮೇಲೆ ಲಾಡ್ಜ್ ಬಂತು, ಲಾಡ್ಜಿನ ಹಿಂದೆಯೇ ಊರಿಗೆ ನಾಲ್ಕು ಕಾಸೂ ಬಂತು. ಹಿಂದಿನ ವರ್ಷ ಹಿಮ ಕರಗುವಾಗ ಲಾಡ್ಜಿನ ಹಳೇ ಗುಂಡಿ ಉಕ್ಕಿ ದಾರಿಯ ಮೇಲೆಲ್ಲ ಹರಿದಿತ್ತು. ಶಿಖರದ ಫೋಟೋ ತೆಗೆಯಲು ಬಂದವರು ಅದರ ಫೋಟೋ ತೆಗೆದುಕೊಂಡು ಹೋಗಿದ್ದರು. ಯಜಮಾನನಿಗೆ ಪ್ರಕೃತಿಯ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

ಹೊಸಬ ಬಂದ. ಕುಳ್ಳ, ಬೋಳುತಲೆ, ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ಮದುವೆ ಮನೆಗೆ ಹೊರಟವನ ಹಾಗಿದ್ದ. ಬಂದವನೇ ಬಟ್ಟೆಯಕ್ಕನ ಮುಂದೆ ಎರಡು ಅಂಗಿ ಇಟ್ಟು, ಚೆನ್ನಾಗಿ ನೀಲಿ ಹಾಕಿ ಒಗೆದುಕೊಡಬೇಕೆಂದ. ಈ ಕೆಲಸಕ್ಕೆ ಬಿಳಿ ಅಂಗಿ ಯಾಕಪ್ಪಾ ಎಂದು ಅವಳು ಕೇಳಿದಳು.

"ಬೇರೆಯವರು ಕೊಳಕಾಗಿದ್ರೆ ಕೆಲಸ ಮಾಡಿದಾರೆ ಅಂತಾರೆ, ಅತ್ತಿಗೆ. ನಾನು ಕೊಳಕಾಗಿದ್ರೆ ಏನಂತಾರೆ ಹೇಳಿ."

ಅತ್ತಿಗೆ ಅಂದದ್ದು ಅವಳಿಗೆ ಹಿಡಿಸಿತು. ಗಂಡ ಸತ್ತ ಮೇಲೆ ಎಲ್ಲರೂ ಅವಳೊಡನೆ ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ ಮಾತಾಡುತ್ತಿದ್ದರು. ಇವನೊಬ್ಬ ಬಂದ ಗಳಿಗೆಯಿಂದಲೇ ತಮಾಷೆಗೆ ಇಳಿದಿದ್ದ. ವಾರ ಕಳೆಯುವುದರಲ್ಲಿ ಅವನಿಗೆ ಡ್ರಮ್ಮಣ್ಣ ಎಂಬ ಹೆಸರು ಅಂಟಿತು. ಅವನ ಹೇಸರಗತ್ತೆಗಳಲ್ಲಿ ಮುಂದಿನದರ ಹೆಸರು ಬೀಗತಿ. ಸಣ್ಣ ಮಾತಿಗೂ ಮುನಿಸಿಕೊಳ್ಳುತ್ತಿತ್ತು, ಬೆಳಿಗ್ಗೆ ಮೊದಲು ಅದನ್ನು ಮಾತಾಡಿಸದಿದ್ದರೆ ಒಂದು ಹೆಜ್ಜೆ ಇಡುತ್ತಿರಲಿಲ್ಲ.

ವಾರಕ್ಕೆರಡು ಸಲ ಅವನು ಡ್ರಮ್ಮುಗಳ ಮುಚ್ಚಳ ಬಿಗಿದು, ಹಗ್ಗ ಕಟ್ಟಿ ಹೊರಡುತ್ತಿದ್ದ. ಕೆಳಗೆ ಕಣಿವೆಯಲ್ಲಿ ಅದನ್ನು ಗೊಬ್ಬರ ಮಾಡುವ ತೊಟ್ಟಿಗಳಿದ್ದವು. ಬರುವಾಗ ಡ್ರಮ್ಮು ತೊಳೆದು, ಲಾಡ್ಜಿಗೆ ಬೇಕಾದ ಸಾಮಾನು ಬೇರೆ ಚೀಲದಲ್ಲಿ ಹೇರಿಕೊಂಡು ಬರುತ್ತಿದ್ದ. ಬೇರೆ ಚೀಲ ಎಂಬುದನ್ನು ಅಡುಗೆಯವನು ಪ್ರವಾಸಿಗರು ಕೇಳದಿದ್ದರೂ ಹೇಳಿ ಅವರ ಹಸಿವು ಕೆಡಿಸುತ್ತಿದ್ದ. ಡ್ರಮ್ಮಣ್ಣನಿಗೆ ಅತಿಥಿಗಳ ಪರಿಚಯ ಒಳಗಿನಿಂದ ಇತ್ತು. ಮೂರನೇ ಕೋಣೆಯ ನ್ಯಾಯಾಧೀಶರಿಗೆ ಬೆಟ್ಟದ ಗಾಳಿ ಒಗ್ಗಿಲ್ಲ, ಐದನೆಯದರಲ್ಲಿರುವ ಯೋಗದ ಮೇಷ್ಟ್ರು ಬರೀ ಹಣ್ಣು ತಿನ್ನುವುದು ಸುಳ್ಳು ಎಂದು ಒಗೆಯುವ ಕಲ್ಲಿನ ಮೇಲೆ ಕೂತು ವರದಿ ಒಪ್ಪಿಸುತ್ತಿದ್ದ. ಬಟ್ಟೆಯಕ್ಕ ಶೀಟುಗಳನ್ನು ನೋಡಿ ತನ್ನ ವರದಿ ಸೇರಿಸುತ್ತಿದ್ದಳು. ಇಬ್ಬರಿಗೂ ಗೊತ್ತಿಲ್ಲದ ಮಾನವಂತ ಆ ಲಾಡ್ಜಿಗೆ ಬಂದಿರಲಿಲ್ಲ.

ಹೀಗೆ ಐದು ವರ್ಷ ನಡೆಯಿತು. ಆಮೇಲೆ ಯಜಮಾನನಿಗೆ ಒಂಬತ್ತು ಕೋಣೆ ಸಾಲದಾಯಿತು. ಒರತೆಯ ಮೇಲುಗಡೆ, ಬಣ್ಣದ ಕಾಡುಕೋಳಿಗಳು ಮೊಟ್ಟೆ ಇಡುವ ಸಮತಟ್ಟಿನಲ್ಲಿ ಇನ್ನೂ ಹನ್ನೆರಡು ಕೋಣೆ, ಪ್ರತಿ ಕೋಣೆಗೂ ನೀರು ಬಿಡುವ ಕಕ್ಕಸು, ಎಲ್ಲದಕ್ಕೂ ಒಂದೇ ಇಂಗುಗುಂಡಿ ಎಂದು ನಕ್ಷೆ ಬಂತು. ನಕ್ಷೆಯ ಹಿಂದೆ ಇಂಜಿನಿಯರ್ ಬಂದ. ಗುಂಡಿಯ ನೀರು ಆಚೆ ಬದಿಯ ಕಮರಿಗೆ ಇಳಿಯುತ್ತದೆ, ಒರತೆಗೂ ಅದಕ್ಕೂ ಸಂಬಂಧವೇ ಇಲ್ಲ ಎಂದು ಕಾಗದದ ಮೇಲೆ ಬಾಣದ ಗುರುತು ಹಾಕಿ ತೋರಿಸಿದ.

ಗುಂಡಿ ತೋಡಿದರು. ಹಿಮ ಕರಗಿದ ನೀರು ಅದರಲ್ಲಿ ಸೊಂಟದವರೆಗೆ ನಿಂತಿತು. ಮಾರನೇ ದಿನ ನೋಡಿದರೆ ಒಣಗಿ ಹಪ್ಪಳ. ಎಷ್ಟು ಚೆನ್ನಾಗಿ ಇಂಗಿತು ನೋಡಿ ಎಂದು ಇಂಜಿನಿಯರ್ ಬೀಗಿದ. ಡ್ರಮ್ಮಣ್ಣ ಮಾತ್ರ ತಲೆ ಕೆರೆದುಕೊಂಡ. ಅದು ಸುಣ್ಣಕಲ್ಲಿನ ಬೆಟ್ಟ, ಒಳಗೆಲ್ಲ ತೂತು. ಅಷ್ಟು ಬೇಗ ಹೋದ ನೀರು ಎಲ್ಲಿಗೋ ಹೋಗಿರಬೇಕಲ್ಲ ಎಂದು ಯಜಮಾನನನ್ನು ಕೇಳಿದ. ಗುಂಡಿ ಬಂದರೆ ನಿನ್ನ ಡ್ರಮ್ಮಿಗೆ ಕೆಲಸವಿಲ್ಲ, ಅದಕ್ಕೆ ಹೊಟ್ಟೆಯುರಿ ಎಂದು ಯಜಮಾನ ಎಲ್ಲರೆದುರು ನಗಾಡಿದ.

"ಹೊಟ್ಟೆಯುರಿ ಇದೆ, ಇಲ್ಲ ಅಂದ್ನಾ," ಎಂದ ಡ್ರಮ್ಮಣ್ಣ ಸಂಜೆ ಬಟ್ಟೆಯಕ್ಕನ ಹತ್ತಿರ. "ಪ್ರವಾಸಿಗರು ಬರದಿದ್ರೆ ನಾನೂ ಬೀಗತಿಯೂ ಏನು ತಿನ್ನೋಣ? ಬರಲಿ ಅತ್ತಿಗೆ, ಕೂರಲಿ, ಸುಖವಾಗಿ ಇಳಿಸಲಿ. ನಮ್ಮ ಕುಡಿಯೋ ನೀರಿನ ತಲೆ ಮೇಲೆ ಬೇಡ ಅಷ್ಟೆ."

ಆ ಒರತೆಯಿಂದ ಒಂದು ಪೈಪು ಲಾಡ್ಜಿನ ಅಡುಗೆಮನೆಗೆ ಹೋಗುತ್ತಿತ್ತು, ಮಿಕ್ಕಿದ್ದು ಬಟ್ಟೆಯಕ್ಕನ ಸಿಮೆಂಟು ತೊಟ್ಟಿಗೆ. ಊರಿನ ಹದಿನೈದು ಮನೆಯವರೂ ಅಲ್ಲಿಂದಲೇ ಕೊಡ ತುಂಬಿಸುತ್ತಿದ್ದರು. ಇನ್ನೊಂದು ನೀರು ಬೇಕೆಂದರೆ ಒಂದು ಗಂಟೆ ಇಳಿಯಬೇಕು, ಎರಡು ಗಂಟೆ ಹತ್ತಬೇಕು. ಬಟ್ಟೆಯಕ್ಕ ಮದುವೆಯಾಗಿ ಬಂದ ದಿನ ಅತ್ತೆ ಅವಳಿಗೆ ಮನೆಗಿಂತ ಮೊದಲು ತೋರಿಸಿದ್ದು ಆ ಒರತೆಯನ್ನು.

ಆಗ ಡ್ರಮ್ಮಣ್ಣ ಕೇಳಿದ, ಬಟ್ಟೆಗೆ ಹಾಕುವ ನೀಲಿ ಒಂದರ್ಧ ಕಿಲೋ ಸಿಗುತ್ತದೆಯೇ ಎಂದು. ಅಷ್ಟು ನೀಲಿಯಲ್ಲಿ ಅವನ ಅಂಗಿಯನ್ನಲ್ಲ, ಅವನ ವಂಶದ ಅಂಗಿಯನ್ನೆಲ್ಲ ಒಗೆಯಬಹುದಿತ್ತು. ಆದರೆ ಅವಳಿಗೆ ವಿಷಯ ಥಟ್ಟನೆ ಹೊಳೆಯಿತು. ಡಬ್ಬ ತಂದು ಅವನ ಕೈಗಿಟ್ಟಳು.

ಬೆಳಿಗ್ಗೆ ಅವನು ನೀಲಿಯನ್ನು ನಾಲ್ಕು ಬಕೆಟ್ ನೀರಿನಲ್ಲಿ ಕದಡಿ ಗುಂಡಿಯ ತಳದ ಬಿರುಕಿಗೆ ಸುರಿದ. ಕಲೆ ಕಾಣದಂತೆ ಮೇಲೆ ಜಲ್ಲಿ ಎಳೆದ. ಬರುವುದಿದ್ದರೆ ಸಂಜೆಯೊಳಗೆ ಒರತೆಯಲ್ಲಿ ಬರುತ್ತದೆ, ಒಂದು ಚೊಂಬು ಹಿಡಿದು ಯಜಮಾನನಿಗೆ ಗುಟ್ಟಾಗಿ ತೋರಿಸಿದರಾಯಿತು ಎಂಬುದು ಲೆಕ್ಕಾಚಾರ. ಬಟ್ಟೆಯಕ್ಕ ಸಂಜೆಯವರೆಗೂ ಒಂದು ಕರವಸ್ತ್ರವನ್ನೂ ನೀರಿಗೆ ಹಾಕದೆ ಕಾದಳು. ನೀರು ಕನ್ನಡಿಯಂತಿತ್ತು. ಮಾರನೇ ಬೆಳಿಗ್ಗೆಯೂ ಹಾಗೇ. ಹಾಗಾದರೆ ಇಂಜಿನಿಯರ್ ಹೇಳಿದ್ದೇ ಸರಿ ಎಂದು ಡ್ರಮ್ಮಣ್ಣ ಪೆಚ್ಚಾಗಿ ಬೀಗತಿಯ ಮೈ ತಿಕ್ಕುತ್ತ ನಿಂತ. ಅವಳು ಎರಡು ದಿನದ ನಲವತ್ತು ಶೀಟುಗಳನ್ನೂ ತೊಟ್ಟಿಗೆ ಸುರಿದು ನೆನೆಹಾಕಿದಳು. ಅವತ್ತು ದೊಡ್ಡ ದಿನ, ಹೊಸ ಕಟ್ಟಡಕ್ಕೆ ಅಡಿಗಲ್ಲು. ಜಿಲ್ಲೆಯ ದೊಡ್ಡ ಸಾಹೇಬರು ಪರಿವಾರ ಸಮೇತ ಬರುವವರಿದ್ದರು.

ಇಬ್ಬರ ಲೆಕ್ಕವೂ ತಪ್ಪಿದ್ದು ಒಂದೇ ಕಡೆ. ನಾಲ್ಕು ಬಕೆಟ್ ನೀರು ಬಿರುಕಿನೊಳಗೆ ಹೋಗಿ ಅಲ್ಲೇ ಕೂತಿತ್ತು. ತಳ್ಳುವವರು ಬೇಕಿತ್ತು.

ತಳ್ಳಿದವನು ಇಂಜಿನಿಯರ್. ಸಾಹೇಬರು ಪ್ರಕೃತಿಯನ್ನು ಉಳಿಸಿ ಎಂದು ಬರೆದ ಪ್ಲಾಸ್ಟಿಕ್ ಬ್ಯಾನರಿನ ಕೆಳಗೆ ಅಡಿಗಲ್ಲು ಇಟ್ಟ ಮೇಲೆ, ಗುಂಡಿ ಎಂಥ ಚೆನ್ನಾಗಿ ಇಂಗಿಸುತ್ತದೆಂದು ತೋರಿಸಲು ಅವನು ಎರಡು ಟ್ಯಾಂಕು ನೀರನ್ನು ಅದಕ್ಕೆ ಬಿಡಿಸಿದ. ನೀರು ಗಟಗಟ ಇಳಿಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಊಟಕ್ಕೆ ಮೊದಲು ಭಾಷಣಗಳಾದವು, ಒಂದಲ್ಲ ನಾಲ್ಕು. ಬೆಟ್ಟಕ್ಕೆ ಅಷ್ಟು ಸಮಯ ಸಾಕಾಯಿತು.

ಯಜಮಾನ ಕೊನೆಯಲ್ಲಿ ಎದ್ದು, ಬಾಟಲಿ ನೀರನ್ನೆಲ್ಲ ತೆಗೆಸಿ, ಈ ಬೆಟ್ಟದ ಒರತೆಯ ನೀರನ್ನೇ ಕುಡಿದು ನೋಡಬೇಕೆಂದು ಸಾಹೇಬರಿಗೆ ಕೈಮುಗಿದ. ಅಡುಗೆಯವನು ಪೈಪಿನಿಂದ ಹಿಡಿದ ನೀರನ್ನು ಲೋಟಕ್ಕೆ ಬಗ್ಗಿಸಿದ. ಆಕಾಶದಂಥ ನೀಲಿ. ಸಾಹೇಬರು ಅದನ್ನು ಶರಬತ್ತು ಎಂದುಕೊಂಡು ಅರ್ಧ ಲೋಟ ಇಳಿಸಿ, ಪರವಾಗಿಲ್ಲ, ಸಿಹಿ ಸ್ವಲ್ಪ ಕಡಿಮೆ ಎಂದರು.

ಆ ಹೊತ್ತಿಗೆ ಒರತೆಯ ಪಕ್ಕದಲ್ಲಿ ಬಟ್ಟೆಯಕ್ಕ ತೊಟ್ಟಿಯಲ್ಲಿ ಕೈಯಿಟ್ಟುಕೊಂಡು ಕಲ್ಲಾಗಿದ್ದಳು. ಮೊಣಕೈಯವರೆಗೆ ನೀಲಿ. ನಲವತ್ತು ಶೀಟೂ ನೀಲಿ. ಲಾಡ್ಜಿನ ಕಡೆಯಿಂದ ಯಜಮಾನ ಓಡಿ ಬಂದ, ಹಿಂದೆ ಸಾಹೇಬರು, ಅವರ ಹಿಂದೆ ಪರಿವಾರ. ಯಜಮಾನ ಅವಳ ಕೈ ನೋಡಿದ, ಶೀಟು ನೋಡಿದ, ಮುಖದಲ್ಲಿ ಜೀವ ಬಂತು. ಈ ಮುದುಕಿ ನೀಲಿ ಡಬ್ಬವನ್ನು ಒರತೆಗೇ ಬೀಳಿಸಿಕೊಂಡಿದ್ದಾಳೆ, ಕಣ್ಣು ಕಾಣಿಸಲ್ಲ ಪಾಪ ಎಂದು ಸಾಹೇಬರಿಗೆ ಹೇಳಿ, ಹೌದು ತಾನೆ ಎಂಬಂತೆ ಅವಳತ್ತ ತಿರುಗಿದ.

ಹೌದು ಅಂದುಬಿಟ್ಟರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಗಂಡ ಹೋದ ಮೇಲೆ ಅವಳು ಮಲಗುತ್ತಿದ್ದ ತಗಡಿನ ಕೋಣೆ ಯಜಮಾನನದು, ಉಣ್ಣುವ ಅನ್ನವೂ ಅವನದೇ. ಹಿಂದೆ ಡ್ರಮ್ಮಣ್ಣ ಬಾಯಿ ತೆರೆಯುವುದು ಕಂಡಿತು. ಅವನು ಹೇಳಿದರೆ ಹೊಟ್ಟೆಯುರಿ ಎಂದು ತಳ್ಳಿಹಾಕುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಅವಳು ಸೆರಗಿಗೆ ಕೈ ಒರೆಸಿಕೊಂಡಳು. ಸೆರಗೂ ನೀಲಿಯಾಯಿತು.

"ನೀಲಿ ನಂದೇ, ಸಾಹೇಬ್ರೆ. ಆದ್ರೆ ಸುರಿದಿದ್ದು ಇಲ್ಲಲ್ಲ, ಮೇಲೆ ನೀವು ಚಪ್ಪಾಳೆ ತಟ್ಟಿದ ಗುಂಡಿಗೆ. ಈ ಸಲ ನೀಲಿ ಕುಡಿದ್ರಿ. ಕೋಣೆ ಕಟ್ಟಿದ ಮೇಲೆ ಬಂದ್ರೆ ಏನು ಕುಡೀತೀರಿ ಅಂತ ನೀವೇ ನೋಡ್ಕೊಳ್ಳಿ."

ಸಾಹೇಬರ ಕೈಯಲ್ಲಿ ಲೋಟ ಹಾಗೇ ಇತ್ತು. ಅದನ್ನು ಮೆಲ್ಲಗೆ ಒಗೆಯುವ ಕಲ್ಲಿನ ಮೇಲೆ ಇಟ್ಟರು. ನಾಲಿಗೆ ತುದಿಯವರೆಗೆ ನೀಲಿಯಾಗಿದ್ದರಿಂದ ಅವರು ಇಂಜಿನಿಯರಿಗೆ ಏನು ಬೈದರೂ ಅದಕ್ಕೆ ಬರಬೇಕಾದ ತೂಕ ಬರಲಿಲ್ಲ, ಆದರೆ ಬೈದದ್ದಂತೂ ನಿಜ.

ಯಜಮಾನ ಮೂರು ದಿನ ಅವಳ ಕೋಣೆಗೆ ಬೀಗ ಹಾಕಿಸಿದ. ಮೂರು ದಿನ ಶೀಟು ಒಗೆಯುವವರು ಸಿಗಲಿಲ್ಲ, ಊರಿನ ಹೆಂಗಸೊಬ್ಬಳೂ ಬರಲೊಪ್ಪಲಿಲ್ಲ. ನಾಲ್ಕನೇ ದಿನ ಬೀಗ ತಾನಾಗಿ ತೆರೆಯಿತು. ಹೊಸ ಕೋಣೆಗಳು ಒರತೆಯ ಕೆಳಗೆ ಎದ್ದವು, ಹನ್ನೆರಡಲ್ಲ ಆರು, ಎಲ್ಲಕ್ಕೂ ಡ್ರಮ್ಮು. ಡ್ರಮ್ಮಣ್ಣನಿಗೆ ಇನ್ನೆರಡು ಹೇಸರಗತ್ತೆ ಬಂದವು, ಬೀಗತಿ ಒಂದು ತಿಂಗಳು ಅವುಗಳ ಮುಖ ನೋಡಲಿಲ್ಲ. ಶೀಟುಗಳು ಎಷ್ಟು ಕುದಿಸಿದರೂ ಬಿಳಿಯಾಗಲಿಲ್ಲ. ಅದು ನಮ್ಮ ಲಾಡ್ಜಿನ ವಿಶೇಷ ಬಣ್ಣ ಎಂದು ಯಜಮಾನ ಪ್ರವಾಸಿಗರಿಗೆ ಹೇಳತೊಡಗಿದ. ನೀರನ್ನು ಉಳಿಸಿದ್ದು ತಾನೇ ಎಂದೂ ಹೇಳುತ್ತಾನೆ, ಹೇಳಿಕೊಳ್ಳಲಿ.

ಇನ್ನೂ ಹನ್ನೊಂದು ವರ್ಷ ಡ್ರಮ್ಮಣ್ಣ ಇಳಿದು ಹತ್ತಿದ. ಬೀಗತಿ ತೀರಿಹೋದ ವರ್ಷವೇ ಅವನ ಮಂಡಿಗಳೂ ಹೋದವು, ಆಮೇಲೆ ಶ್ವಾಸಕೋಶ. ಲಾಯದ ಮೇಲಿನ ಅಟ್ಟದ ಕೋಣೆಯಲ್ಲಿ ಮಲಗಿದ. ಬಟ್ಟೆಯಕ್ಕ ದಿನಾ ಗಂಜಿ ಒಯ್ದು ಕೊಟ್ಟು, ಅಂಗಿ ಬದಲಿಸಿ ಬರುತ್ತಿದ್ದಳು. ಅಂಗಿ ಆಗಲೂ ಬಿಳಿಯದೇ ಆಗಬೇಕು. ಒಂದು ಮಧ್ಯಾಹ್ನ ಹೋದಾಗ ಅವನು ದಿಂಬಿಗೆ ಒರಗಿ ಕಿಟಕಿಯಾಚೆ ನೋಡುತ್ತಿದ್ದ. ಒರತೆಯ ಮೇಲಿನ ಸಮತಟ್ಟಿನಲ್ಲಿ ಯಜಮಾನನ ಅಳಿಯ ಸುಣ್ಣದ ಗೆರೆ ಎಳೆಸುತ್ತಿದ್ದ. ಶಿಖರ ನೋಡಲು ಗಾಜಿನ ಕಟ್ಟೆಯಂತೆ, ಪಕ್ಕದಲ್ಲೊಂದು ಕಾಫಿ ಅಂಗಡಿ, ಅದರ ಹಿಂದೆ ಸಣ್ಣದೊಂದು ಗುಂಡಿ.

ಡ್ರಮ್ಮಣ್ಣ ಬಹಳ ಹೊತ್ತು ಉಸಿರು ಕೂಡಿಸಿಕೊಂಡ. ಡಬ್ಬದಲ್ಲಿ ನೀಲಿ ಎಷ್ಟಿದೆ ಎಂದು ಕೇಳಿದ. ಅರ್ಧ ಕಿಲೋಗೆ ಮೋಸವಿಲ್ಲ ಎಂದಳು. ಈ ಸಲ ನೀವೇ ಹೋಗಬೇಕಾಗುತ್ತೆ, ಹಿಂದೆಯೇ ಎರಡು ಟ್ಯಾಂಕು ನೀರನ್ನೂ ಬಿಡಿಸಿ ಎಂದ. ಆಗಲಿ ಎಂದಳು. ಅವಳು ತಟ್ಟೆ ತೆಗೆದುಕೊಂಡು ಏಳುವಾಗ ಅವಳ ಸೆರಗು ಹಿಡಿದ.

"ಇನ್ನೊಂದು ಕೇಳ್ತೀನಿ, ನಡೆಸಿಕೊಡಿ ಅತ್ತಿಗೆ," ಎಂದ. "ಆವತ್ತು ಮಾತ್ರ ಶೀಟು ನೆನೆಹಾಕಬೇಡಿ."