ದನಿ ಹೋದ ಕೋಚಿಗೆ ದೇವಿ ಕೊಟ್ಟ ಉತ್ತರ

2006ರ ನವರಾತ್ರಿ ಮುಗಿದ ಮರುವಾರ ನನ್ನ ದನಿ ಹೋಯಿತು. ನೆಗಡಿಯಾಗಿ ಗಂಟಲು ಕಟ್ಟಿದ್ದಲ್ಲ, ಪೂರ್ತಿ ಹೋಯಿತು. ಥೈರಾಯ್ಡ್ ಗಡ್ಡೆಯ ಆಪರೇಷನ್ ಆಗಿತ್ತು. ಡಾಕ್ಟರು ಮೂಗಿನೊಳಗೆ ಕ್ಯಾಮೆರಾದ ನಳಿಕೆ ಇಳಿಸಿ ನೋಡಿ, "ಒಂದು ಧ್ವನಿತಂತು ಅಲುಗಾಡ್ತಾ ಇಲ್ಲ. ಕೆಲವರಿಗೆ ಹೀಗಾಗುತ್ತೆ. ತಿರುಗಿ ಬರಬಹುದು, ಬರದೆಯೂ ಇರಬಹುದು" ಎಂದರು.

ಕ್ಲಾಸಿನ ಟೀಚರಾಗಿದ್ದರೆ ಬೋರ್ಡಿನ ಮೇಲೆ ಬರೆದು ದಿನ ನೂಕುತ್ತಿದ್ದೆನೇನೋ. ನಾನು ದೆಹಲಿಯ ಒಂದು ಮಹಿಳಾ ಕಾಲೇಜಿನ ಬಾಸ್ಕೆಟ್‌ಬಾಲ್ ಕೋಚ್. ಪಂದ್ಯ ನಡೆಯುವಾಗ ಕೋಚ್ ಅಂಕಣದೊಳಗೆ ಕಾಲಿಡುವಂತಿಲ್ಲ, ವಿಶಲ್ ಊದುವಂತಿಲ್ಲ. ಗೆರೆಯಾಚೆ ನಿಂತು ಕೂಗಬೇಕು. ಹತ್ತಾರು ವರ್ಷ ನಾನು ಉಂಡ ಅನ್ನ ಕೂಗಿದ್ದರ ಅನ್ನ.

ಪ್ರಿನ್ಸಿಪಾಲರು ಕೆಟ್ಟವರಲ್ಲ. "ಜನವರಿಯ ಇಂಟರ್‌ಕಾಲೇಜ್ ಪಂದ್ಯ ಆಗಲಿ ಮೇಡಂ, ಆಮೇಲೆ ಬೇರೆ ಕೋಚ್ ನೋಡ್ತೀವಿ. ಬೇಜಾರು ಮಾಡ್ಕೋಬೇಡಿ" ಎಂದರು. ಬೇಜಾರು ಮಾಡಿಕೊಳ್ಳಬಾರದಂತೆ! ಆ ಹುಡುಗಿಯರನ್ನು ಬಿಟ್ಟು ನನಗೆ ಬೇರೆ ಬದುಕೇ ಗೊತ್ತಿರಲಿಲ್ಲ.

ಅಭ್ಯಾಸದಲ್ಲಿ ಬಾಯಿ ತೆರೆದರೆ ಬರೀ ಗಾಳಿ. ಕೈಯಲ್ಲೇ ತೋರಿಸತೊಡಗಿದೆ. ಮುಷ್ಟಿ ಎತ್ತಿದರೆ ಎಲ್ಲರೂ ಹಿಂದೆ ಸರಿದು ನಮ್ಮ ಬಾಸ್ಕೆಟ್ಟಿನ ಕೆಳಗೆ ಗೋಡೆ ಕಟ್ಟಬೇಕು, ಅಂಗೈ ಬೀಸಿದರೆ ಮುನ್ನುಗ್ಗಬೇಕು. ಹುಡುಗಿಯರು ಮುಖ ಮುಚ್ಚಿಕೊಂಡು ನಕ್ಕರು. ನಗದೆ ಇನ್ನೇನು, ಭಾಗವತರಿಲ್ಲದೆ ಯಕ್ಷಗಾನದ ವೇಷ ಕುಣಿದ ಹಾಗಿತ್ತು. ಫರೀದಾಬಾದಿನಿಂದ ಬರುವ ಕ್ಯಾಪ್ಟನ್ ಸುಮನ್ ಒಬ್ಬಳೇ ನಗಲಿಲ್ಲ. "ಅರೇ ಯಾರ್, ಮೇಡಂ ಕೈ ನೋಡಿ ಎಲ್ಲರೂ!" ಎಂದು ಗದರಿದಳು.

ಒಂದು ಭಾನುವಾರ ಕುಂದಾಪುರದಿಂದ ನನ್ನ ತಾಯಿ ಫೋನ್ ಮಾಡಿದರು. ವಯಸ್ಸಾದವರು, ಹೆದರಿಯಾರೆಂದು ಅವರಿಗೆ ಏನೂ ಹೇಳಿರಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲವಾದ್ದರಿಂದ ನಾನೇ ಎತ್ತಿದೆ. "ಹಲೋ, ಯಾರು ಮಾರಾಯ್ರೆ? ಮಾತಾಡಿ!" ಅಮ್ಮಾ, ನಾನೇ, ಎಂದೆ. ಕೇಳಲಿಲ್ಲ. "ಯಾರೋ ಬರೀ ಉಸಿರು ಬಿಡ್ತಾರೆ" ಎಂದು ಯಾರಿಗೋ ಹೇಳುತ್ತಾ ಇಟ್ಟುಬಿಟ್ಟರು. ಅಡುಗೆಮನೆಯ ನೆಲದ ಮೇಲೆ ಕುಸಿದು ಕೂತು ಅತ್ತೆ. ಆ ಅಳುವಿಗೂ ಶಬ್ದವಿರಲಿಲ್ಲ.

ಮಯೂರ್ ವಿಹಾರ್‌ನಲ್ಲಿ ನನ್ನ ಗಂಡನದೊಂದು ಸಣ್ಣ ಇಡ್ಲಿ-ದೋಸೆ ಹೋಟೆಲು. ಗಲ್ಲಾದ ಮೇಲೆ ದುರ್ಗಾಪರಮೇಶ್ವರಿಯ ಪಟ. ಒಂದು ಬೆಳಗ್ಗೆ ಶಟರ್ ಎತ್ತುವ ಮೊದಲು, ನಮ್ಮೂರ ಕ್ರಮದಂತೆ ಪಟದ ಮೇಲೆ ಹೂವಿಟ್ಟು ಬೇಡಿದೆ: ದನಿ ಬರುವುದಾದರೆ ಬಲಕ್ಕೆ ಹಾಕು ತಾಯೇ. ಹೂ ಎಡಕ್ಕೆ ಬಿತ್ತು. "ಫ್ಯಾನ್ ಗಾಳಿಗೆ ಬಿದ್ದದ್ದು ಮಾರಾಯ್ತಿ, ಬಿಡು" ಎಂದರು ಇವರು. ಡಿಸೆಂಬರ್ ಚಳಿಯಲ್ಲಿ ಫ್ಯಾನ್ ಯಾರು ಹಾಕುತ್ತಾರೆ! ಆ ದಿನದಿಂದ ನಾನು ದೀಪ ಹಚ್ಚುವುದನ್ನೇ ಬಿಟ್ಟೆ. ಕಲ್ಲಾದರೂ ಕರಗೀತು, ಇವಳು ಕರಗುವುದಿಲ್ಲ ಎಂದು ಸಿಟ್ಟು.

ಅದೇ ವಾರ ಬಸ್ಸಿನಲ್ಲಿ ನನ್ನ ಸ್ಟಾಪ್ ಬಂದಾಗ ಜನರ ನಡುವೆ ಸಿಕ್ಕಿಕೊಂಡು, "ರೋಕೋ ಭಯ್ಯಾ" ಎನ್ನಲಾಗದೆ ಮುಂದಕ್ಕೆ ಹೋಗಿಬಿಟ್ಟೆ. ಇಳಿದು ಮಂಜಿನಲ್ಲಿ ಹಿಂದಕ್ಕೆ ನಡೆಯುವಾಗ, ಬದುಕಿ ಏನು ಮಾಡಲಿ ಅನ್ನಿಸಿತು. ಸುಳ್ಳೇಕೆ ಹೇಳಲಿ, ಅನ್ನಿಸಿತು. ಬಿಟ್ಟಿದ್ದ ದೇವಿಯನ್ನೇ ಮತ್ತೆ ಕರೆದೆ. ದನಿ ಕೊಡದಿದ್ದರೆ ಬೇಡ, ಆ ಮಕ್ಕಳನ್ನಾದರೂ ನನ್ನಿಂದ ಕಿತ್ತುಕೊಳ್ಳಬೇಡ ಎಂದೆ.

ಪಂದ್ಯ ಎದುರಾಳಿ ಕಾಲೇಜಿನಲ್ಲೇ ಇತ್ತು. ನಮ್ಮನ್ನು ಕಂಗೆಡಿಸಲೆಂದು ಅವರು ಮದುವೆ ಮೆರವಣಿಗೆಯ ಢೋಲಿನವರನ್ನು ಕರೆಸಿದ್ದರು. ಮೇಲೆ ತಗಡಿನ ಮಾಡು, ಆ ಬಡಿತಕ್ಕೆ ಎದೆಯೇ ನಡುಗುತ್ತಿತ್ತು. ಉಳಿದಿದ್ದ ಒಂದು ಪಂದ್ಯಕ್ಕೂ ಕಲ್ಲು ಬಿತ್ತು ಎಂದುಕೊಂಡೆ. ಅರ್ಧ ಆಟದ ತನಕ ನಾವು ಹಿಂದಿದ್ದೆವು.

ಆಮೇಲೆ ಕಣ್ಣಿಗೆ ಬಿತ್ತು. ಎದುರಿನ ಕೋಚ್ ಸರ್ ಕತ್ತಿನ ನರ ಉಬ್ಬಿಸಿಕೊಂಡು ಅರಚುತ್ತಿದ್ದಾರೆ, ಅವರ ಹುಡುಗಿಯರು ಕಿವಿಗೆ ಕೈಯಿಟ್ಟು "ಕ್ಯಾ ಸರ್? ಕ್ಯಾ?" ಎನ್ನುತ್ತಿದ್ದಾರೆ. ಅವರ ಢೋಲು ಅವರ ಕೋಚಿನ ಮಾತನ್ನೇ ನುಂಗಿತ್ತು. ನನ್ನ ಮಕ್ಕಳು ಮಾತ್ರ ಚೆಂಡು ಕೈಬದಲಾದಾಗಲೆಲ್ಲ ಕತ್ತು ತಿರುಗಿಸಿ ನನ್ನ ಕೈ ನೋಡುತ್ತಿದ್ದರು. ತಿಂಗಳುಗಟ್ಟಲೆ ಅದೇ ರೂಢಿಯಾಗಿತ್ತಲ್ಲ! ಮುಷ್ಟಿ ಎತ್ತಿದೆ. ಐವರೂ ಒಟ್ಟಿಗೆ ಹಿಂದೆ ಸರಿದು ಗೋಡೆ ಕಟ್ಟಿದರು. ಅಲ್ಲಿಂದ ಆಟ ತಿರುಗಿತು. ಒಂದೇ ಒಂದು ಬಾಸ್ಕೆಟ್ಟಿನಿಂದ ಗೆದ್ದೆವು. ನೋಡಲು ಬಂದಿದ್ದ ಪ್ರಿನ್ಸಿಪಾಲರು ಕೆಳಗಿಳಿದು ಬಂದು, "ಅಚ್ಛಾ ಮೇಡಂ, ಬೇರೆ ಕೋಚ್ ವಿಷಯ ಮರೆತುಬಿಡಿ" ಎಂದರು.

ಭಕ್ತ ಬಂಧುಗಳೇ, ದನಿ ಇಂದಿಗೂ ಬಂದಿಲ್ಲ. ಪಕ್ಕದಲ್ಲಿ ಕೂತವರಿಗೆ ಕೇಳುವಷ್ಟು ಪಿಸುಮಾತು ಇದೆ, ಅಷ್ಟೇ. ಕೆಲವು ದಿನ ಅದಕ್ಕಾಗಿ ಈಗಲೂ ಅಳುತ್ತೇನೆ. ಆದರೂ ದೇವಿಯ ಕೈ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಏಕೆಂದು ಕೇಳಿದರೆ ಆ ದಿನದ ಒಂದು ವಿಷಯ ಹೇಳಬೇಕು.

ಗೆದ್ದ ಮೇಲೆ ಹುಡುಗಿಯರು ನನ್ನ ಸುತ್ತ ನಿಂತರು. "ಮೇಡಂ, ಮಾತಾಜಿಯ ಜಯಕಾರ ನೀವೇ ಹೇಳಿಸಬೇಕು" ಎಂದಳು ಸುಮನ್. ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದೆ. ಒಬ್ಬಳೂ ಕದಲಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, "ದುರ್ಗಾ ಮಾತಾ ಕೀ" ಎಂದು ಬಾಯಿ ಆಡಿಸಿದೆ. ನನ್ನ ಕಿವಿಗೇ ಏನೂ ಕೇಳಲಿಲ್ಲ.

"ಜೈ!" ಎಂದರು ಅಷ್ಟೂ ಮಂದಿ, ತಗಡಿನ ಮಾಡು ಅದುರುವ ಹಾಗೆ.