ಕುರಿಮಾವನ ಕೂಗು

ಮೊನ್ನೆ ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿದಾಗ ನನ್ನ ಪಕ್ಕ ಬಂದು ಕೂತವರ ಹೆಗಲ ಮೇಲೊಂದು ನೆಂದ ಕಂಬಳಿ ಇತ್ತು. ಉಣ್ಣೆ, ಹಿಕ್ಕೆ, ಒಲೆಯ ಹೊಗೆ ಎಲ್ಲ ಕಲಸಿದ ಆ ವಾಸನೆಗೆ ಮುಂದಿನ ಸೀಟಿನವರು ಮೂಗು ಮುಚ್ಚಿಕೊಂಡರು. ನಾನು ಟಿಕೆಟ್ ಕೇಳುವುದನ್ನೂ ಮರೆತು ಕೂತೆ. ಆರು ವರ್ಷದ ಹಿಂದೆ ಇದೇ ವಾಸನೆ ಒಂದು ಬಂಡೆಯ ಮೇಲೆ ನನ್ನ ಪಕ್ಕ ಕೂತಿತ್ತು...

ಆಗ ನಾನು ಡಿಗ್ರಿಯಲ್ಲಿ ಎರಡು ವಿಷಯ ಉಳಿಸಿಕೊಂಡಿದ್ದ ಮಹಾಪಂಡಿತ. ಬರುತ್ತಿದ್ದ ವಿದ್ಯೆ ಒಂದೇ, ಮಂದಿಯ ದನಿ ಕದಿಯುವುದು. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರುಗಳ ಮೂಗಿನ "ರೈಟ್ ರೈಟ್", ನಮ್ಮಪ್ಪನ ಬೈಗುಳ, ಯಾವುದನ್ನೂ ಬಿಟ್ಟವನಲ್ಲ. ಫಲಿತಾಂಶ ಬಂದ ದಿನ ನಮ್ಮಪ್ಪನ ಅಸಲಿ ದನಿ ಕೇಳುವ ಧೈರ್ಯವಿಲ್ಲದೆ ಬೆನ್ನಿಗೊಂದು ಬ್ಯಾಗು ಹಾಕಿ ಚಿತ್ರದುರ್ಗ ಬಿಟ್ಟೆ. ಮೊದಲು ಬಂದ ಬಸ್ಸು ಹತ್ತುವುದು, ಮನಸ್ಸಾದಲ್ಲಿ ಇಳಿಯುವುದು, ಇಷ್ಟೇ ಯೋಜನೆ. ರಾಮಗಿರಿ ಆಯಿತು, ಹೊಸದುರ್ಗ ಆಯಿತು. ಮೂರನೆಯ ದಿನ ಮಾಡದಕೆರೆ ದಾಟಿ ಯಾವುದೋ ಗುಡ್ಡದ ಬುಡದಲ್ಲಿ ಇಳಿದೆ. ಗುಡ್ಡದ ಹೆಸರೇನು ಎಂದು ಕೇಳಿದ್ದಕ್ಕೆ ಕಂಡಕ್ಟರು, "ಹತ್ತಿ ನೋಡ್ರಿ, ಅದೇ ಹೇಳ್ತೈತೆ. ಮೂರು ಗಂಟೆಗೆ ವಾಪಸ್ ಬಸ್ಸೈತೆ" ಅಂದರು.

ಆಷಾಢದ ಮಧ್ಯಾಹ್ನ. ಗುಡ್ಡದ ನೆತ್ತಿಗೆ ಮೋಡ ಇಳಿದಿತ್ತು. ಗಾಳಿಯಂತ್ರಗಳ ಬುಡ ಮಾತ್ರ ಕಾಣುತ್ತಿತ್ತು. ರೆಕ್ಕೆಗಳು ಮೋಡದೊಳಗೆ ಎಲ್ಲೋ ತಿರುಗುತ್ತಾ, ನಿದ್ದೆಯಲ್ಲಿ ಯಾರೋ ಉಸಿರುಬಿಟ್ಟ ಹಾಗೆ ಸದ್ದು ಮಾಡುತ್ತಿದ್ದವು. ಬಂಡೆಯ ಮೇಲೆ ಕಂಬಳಿ ಹೊದ್ದು ಕೂತಿದ್ದ ಕುರಿ ಕಾಯುವ ಹಿರಿಯರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಏನಪ್ಪ, ದಾರಿ ತಪ್ತೋ, ಬುದ್ಧಿ ತಪ್ತೋ?"

"ಎರಡೂ, ಮಾವ."

"ಹಂಗಾರೆ ಕುಂತ್ಕ."

ಹೀಗೆ ಅವರು ನನಗೆ ಕುರಿಮಾವ ಆದರು. ಸ್ವಲ್ಪ ಹೊತ್ತಿಗೆ ಎದ್ದು ನಿಂತು, "ಹುರ್ರೋ... ಓ... ಬಾ" ಎಂದು ಕೂಗಿದರು. ಮೋಡದೊಳಗಿಂದ ಒಂದೊಂದೇ ಕುರಿ ಹೊರಬಂತು. ಸುಮ್ಮನಿರುವ ಪೈಕಿಯೇ ನಾನು? ಸೊಂಟಕ್ಕೆ ಕೈಯಿಟ್ಟು, ಕತ್ತು ಚಾಚಿ, ಥೇಟ್ ಅವರ ಹಾಗೇ ಕೂಗಿದೆ. ತಮಾಷೆಗೆ ಕೊನೆಯಲ್ಲೊಂದು ಸಣ್ಣ ಬಿಕ್ಕು ಸೇರಿಸಿದೆ. ಅದು ಎಲ್ಲಿಂದ ಬಾಯಿಗೆ ಬಂತೋ, ಇವತ್ತಿಗೂ ಗೊತ್ತಿಲ್ಲ...

ಕುರಿಗಳೆಲ್ಲ ನಿಂತವು. ಹಲ್ಲು ಸವೆದ ಒಂದು ಮುದಿ ಕುರಿ ತಲೆ ಎತ್ತಿ, ಮಾವನನ್ನು ಬಳಸಿಕೊಂಡು ಬಂದು, ನನ್ನ ಮೊಣಕಾಲಿಗೆ ಮೂತಿ ಒತ್ತಿತು. ಉಳಿದವೂ ಅದರ ಹಿಂದೆ ಬಂದವು. ನಗುತ್ತಾ ತಿರುಗಿದೆ. ಮಾವನ ಮುಖದಲ್ಲಿ ರಕ್ತ ಇರಲಿಲ್ಲ.

"ಎಲ್ಲಿ ಕೇಳಿದ್ದಲೇ ಅದುನ್ನ?"

"ನಿಮ್ದೇ ಮಾವ, ಈಗ ತಾನೆ..."

"ಆ ಬಿಕ್ಕು ನಂದಲ್ಲ. ಅದು ನಮ್ಮಣ್ಣಂದು."

ಅಣ್ಣ ತೀರಿಕೊಂಡು ಎಂಟು ವರ್ಷವಾಗಿತ್ತಂತೆ. ಕುರಿಗಳು ಅಣ್ಣನವು. ತಮ್ಮನ ದನಿಗೆ ಕಿವಿಯನ್ನೂ ಆಡಿಸದೆ ಮೂರು ದಿನ ಗುಡ್ಡದಲ್ಲೇ ಉಳಿದವಂತೆ. ನಾಲ್ಕನೆಯ ದಿನ ಇವರು ಅಣ್ಣನ ಕಂಬಳಿ ಹೊದ್ದು, ಅಣ್ಣನ ದನಿಯಲ್ಲಿ ಕೂಗಿದರು. ಇಳಿದು ಬಂದವು. ಅಂದಿನಿಂದ ಗುಡ್ಡದ ಮೇಲೆ ತಮ್ಮ ಸ್ವಂತ ದನಿ ಎತ್ತಿದ್ದೇ ಇಲ್ಲ. ಆ ಬಿಕ್ಕು ಮಾತ್ರ ಎಷ್ಟು ಮಾಡಿದರೂ ಅವರಿಗೆ ಬರಲಿಲ್ಲ. ಅದನ್ನು ಬಲ್ಲದ್ದು ಅಣ್ಣನ ಕಾಲದಿಂದ ಉಳಿದಿದ್ದ ಆ ಮುದಿ ಕುರಿಯೊಂದೇ. ನನಗಿಂತ ದೊಡ್ಡ ಮಿಮಿಕ್ರಿಯವರ ಮುಂದೆ ನಾನು ಜಂಬ ಕೊಚ್ಚಿದ್ದೆ.

ಅವರು ನನಗೆ ಬೆನ್ನು ಮಾಡಿ ಕೂತರು. "ಇನ್ನೊಂದ್ಸಲ ಕೂಗು."

ಕೂಗಿದೆ. ಮೋಡದ ಕಡೆ ನೋಡುತ್ತಾ, ಪಕ್ಕದ ಹೊಲದವರಿಗೆ ಓಗೊಟ್ಟಷ್ಟು ಸಹಜವಾಗಿ, "ಬಂದೆ ತಡಿಯಣ್ಣ" ಅಂದರು.

ಆಮೇಲೆ ಶುರುವಾಯಿತು ಪೀಕಲಾಟ. ಮಾವ ಎಷ್ಟು ಕೂಗಿದರೂ ಒಂದು ಕುರಿಯೂ ನನ್ನನ್ನು ಬಿಟ್ಟು ಕದಲಲಿಲ್ಲ. ನಾನು ಇಳಿದರೆ ಇಳಿದವು, ನಿಂತರೆ ನಿಂತವು. ಅವರ ಬದುಕೇ ಆಗಿದ್ದ ಮಂದೆ ನನ್ನೊಂದು ಚೇಷ್ಟೆಗೆ ಅವರ ಕೈತಪ್ಪಿತ್ತು. ರಸ್ತೆಗೆ ಬಂದಾಗ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ನಾನು ಉಳ್ಕಳ್ಳಾ ಮಾವ?"

"ಬ್ಯಾಡ. ನೀನಿದ್ದಷ್ಟು ಹೊತ್ತೂ ಅವು ನಿನ್ನವೇಯ. ಹತ್ತು. ಬಾಯಿ ಬಿಡಬ್ಯಾಡ."

ಹತ್ತಿದೆ. ಹಿಂದಿನ ಗಾಜಿನಲ್ಲಿ ನೋಡಿದರೆ ಮುದಿ ಕುರಿ ಟಾರು ರಸ್ತೆಯಲ್ಲಿ ಬಸ್ಸಿನ ಹಿಂದೆ ಓಡಿಬರುತ್ತಿತ್ತು, ಅದರ ಹಿಂದೆ ಇಡೀ ಮಂದೆ. ಎದುರಿನಿಂದ ಬಂದ ಲಾರಿಯೊಂದು ನಮ್ಮ ಬಸ್ಸನ್ನು ದಾಟಿ ಅವುಗಳ ಕಡೆಗೇ ನುಗ್ಗಿತು. ಆಗ ಕೇಳಿತು ಕೂಗು. ಅಣ್ಣನದಲ್ಲ. ಒಡಕು, ಒರಟು, ರಾಗವೇ ಇಲ್ಲದ್ದು. "ಬರ್ರೇ! ನಾನ್ ಕಣ್ರೇ!" ಮುದಿ ಕುರಿಯ ಕಾಲು ತಡೆದಂತೆ ಕಂಡಿತು. ಅಷ್ಟರಲ್ಲಿ ತಿರುವು ಬಂತು...

ಏನಾಯಿತು ಎಂದು ಕೇಳುವ ಧೈರ್ಯ ಆರು ವರ್ಷ ಬರಲಿಲ್ಲ. ಮೊನ್ನೆ ಆ ಕಂಬಳಿಯ ಪಕ್ಕ ಕೂತೇ ಹೊಸದುರ್ಗಕ್ಕೆ ಟಿಕೆಟ್ ತೆಗೆದೆ, ಅಲ್ಲಿಂದ ಬಸ್ಸು ಬದಲಿಸಿ ಆ ಗುಡ್ಡದ ಬುಡದಲ್ಲಿ ಇಳಿದೆ. ಕುರಿ ಕಾಯುವ ಮಾವನನ್ನು ವಿಚಾರಿಸಿದ್ದಕ್ಕೆ ರಸ್ತೆ ಬದಿಯ ಟೀ ಅಂಗಡಿಯವರು, "ಅವರಾ? ಹೋದ ಸುಗ್ಗೀಲೇ ತೀರ್ಕಂಡ್ರಲ್ಲಪ್ಪ. ಈಗ ಅವರ ಹೆಂಡ್ರು ಕುರಿ ಹೊಡ್ಕಂಡು ಹೋಗ್ತಾರೆ" ಅಂದರು. ಕ್ಷಮೆ ಕೇಳಲು ಮಾತು ಕೂಡಿಟ್ಟುಕೊಂಡು ಬಂದಿದ್ದ ನಾನು ಗುಡ್ಡ ಹತ್ತಿದೆ.

ಇಳಿಜಾರಿನಲ್ಲಿ ಆಕೆ ನಿಂತಿದ್ದರು. ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದರು. ಅದು ಹೆಂಗಸಿನ ದನಿಯಾಗಿರಲಿಲ್ಲ. ಬಸ್ಸಿನ ಹಿಂದೆ ಕೇಳಿದ್ದ ಮಾವನ ಅದೇ ಒಡಕು ದನಿ. ಕುರಿಗಳು ಒಂದನ್ನೊಂದು ನೂಕುತ್ತಾ ಓಡಿಬಂದು ಆಕೆಯನ್ನು ಮುತ್ತಿದವು.

ಹತ್ತಿರ ಹೋಗಿ, "ಮಾವ ತೀರ್ಕಂಡ್ರಂತೆ..." ಎಂದು ಶುರು ಮಾಡಿದೆ. ಆಕೆ ತಟ್ಟನೆ ಕೈಯೆತ್ತಿ ತಡೆದರು. ಒಮ್ಮೆ ಕುರಿಗಳ ಕಡೆ ನೋಡಿ, ದನಿ ತಗ್ಗಿಸಿದರು.

"ಮೆಲ್ಲಕೆ ಕಣಪ್ಪ. ಇವುಕ್ಕಿನ್ನೂ ನಾನು ಹೇಳಿಲ್ಲ."