ತೀರ್ಪು ಬಂದ ವಾರ ಹಂಚು ಇಳಿಸಿದೆವು

ಮುಂಡಗೋಡ ತಾಲೂಕಿನಲ್ಲಿ ನಮ್ಮ ಮನೆ, ಗದ್ದೆ ಎರಡೂ ಇರುವುದು ಅರಣ್ಯ ಇಲಾಖೆಯ ಜಾಗದಲ್ಲಿ. ಗಂಡನ ಅಜ್ಜ ಹಸನು ಮಾಡಿದ ನೆಲ. ಹಕ್ಕುಪತ್ರ ಕೊಡಿ ಎಂದು ಹಾಕಿದ ಅರ್ಜಿ ತಿರಸ್ಕೃತವಾಗಿತ್ತು. ಯಾರೂ ಬಂದು ಎಬ್ಬಿಸಿರಲಿಲ್ಲ, ಹಾಗಾಗಿ ಅದನ್ನು ಮರೆತಂತೆ ಬದುಕುವುದು ರೂಢಿಯಾಗಿತ್ತು.

ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಪಡಸಾಲೆಯಲ್ಲಿ ಗಂಡ ಒಮ್ಮೆಲೇ ಟಿವಿಯ ದನಿ ಹೆಚ್ಚಿಸಿದರು. ಅರ್ಜಿ ತಿರಸ್ಕೃತವಾದವರನ್ನೆಲ್ಲ ಕಾಡಿನಿಂದ ಹೊರಹಾಕಬೇಕೆಂದು ಸುಪ್ರೀಂ ಕೋರ್ಟ್ ಹೇಳಿತ್ತು. ಟಿವಿಯಲ್ಲಿ ಇಬ್ಬರು ವಕೀಲರು ಅದರ ಮೇಲೆ ವಾದಿಸುತ್ತಿದ್ದರು. ಒಬ್ಬರು ಕಾಡು ಉಳಿಯಬೇಕೆಂದರು, ಇನ್ನೊಬ್ಬರು ಅರಣ್ಯ ಹಕ್ಕು ಕಾಯ್ದೆಯ ಕಲಂ ಓದಿದರು. ಹೊರಬಿದ್ದವರು ಎಲ್ಲಿಗೆ ಹೋಗಬೇಕೆಂದು ಇಬ್ಬರೂ ಹೇಳಲಿಲ್ಲ.

“ನಾವೂ ಅದರಾಗ ಬರ್ತೀವೇನ್ರೀ?” ಎಂದೆ.

“ಬರದ ಮತ್ತೇನು?” ಎಂದರು.

ನಾನಾಗ ತುಂಬು ಬಸುರಿ. ಹೆರಿಗೆಯಾಗಿ ಕೂಸನ್ನು ಎಲ್ಲಿಗೆ ಕರೆತರುವುದು ಎಂಬುದೊಂದೇ ನನ್ನ ಯೋಚನೆ.

ಬೆಳಿಗ್ಗೆ ಎದ್ದಾಗ ಅತ್ತೆ ಗೋಡೆಗೆ ಏಣಿ ಇಟ್ಟಿದ್ದರು. “ಜೆಸಿಬಿ ಬಂದ್ರ ಒಂದು ಹಂಚೂ ಉಳಿಯೂದಿಲ್ಲ. ಈಗ ಇಳಿಸೂಣು,” ಎಂದರು. ಗಂಡ ಏಣಿ ಹತ್ತಿದರು. ಕೊಟ್ಟಿಗೆಯ ಹಂಚು, ಆಮೇಲೆ ಅಡುಗೆಮನೆಯದು ಇಳಿಸಿ ಹಲಸಿನ ಮರದ ಬುಡಕ್ಕೆ ಒಟ್ಟಿದರು. ನಾನು ಬಯಲಾದ ಅಡುಗೆಮನೆಯಲ್ಲೇ ಅನ್ನ ಬೇಯಿಸಿದೆ. ರಸ್ತೆಯಲ್ಲಿ ಯಾವ ಗಾಡಿಯ ಸದ್ದಾದರೂ ಒಲೆ ಬಿಟ್ಟು ಎದ್ದು ನೋಡುತ್ತಿದ್ದೆ.

ಎರಡು ದಿನದ ಮೇಲೆ ಜೀಪು ಬಂದೇಬಿಟ್ಟಿತು. ಗಂಡ ನಮ್ಮ ವಕೀಲರನ್ನು ಕಾಣಲು ಪೇಟೆಗೆ ಹೋಗಿದ್ದರು. ಅತ್ತೆ ಹೊಸ್ತಿಲ ಮೇಲೆ ಅಡ್ಡ ಕೂತರು. ನಾನು ಅವರ ಹಿಂದೆ ಬಾಗಿಲ ಚೌಕಟ್ಟು ಹಿಡಿದು ನಿಂತೆ.

ಫಾರೆಸ್ಟ್ ಗಾರ್ಡ್ ಇಳಿದು ಬಂದು ಹಂಚಿಲ್ಲದ ಮಾಡಿನತ್ತ ನೋಡಿದ. “ಹಂಚು ಯಾಕ ಇಳಿಸೀರಿ ಯವ್ವಾ?”

“ನಮ್ಮನ್ನ ಎಬ್ಬಸಾಕ ಬಂದೀರೇನ್ರೀ ಸಾಹೇಬ್ರ?” ಎಂದು ಅತ್ತೆ ಕೇಳಿದರು.

“ಇಲ್ಲವಾ. ಆ ಕಡೆ ಕಾಡಿಗೆ ಬೆಂಕಿ ಬಿದ್ದೈತಿ. ಆರಸಾಕ ಮಂದಿ ಸಾಲವಲ್ರು. ಗಂಡಸರು ಇದ್ರ ಕಳಸ್ರಿ.”

“ಮತ್ತ ಕೋರ್ಟಿನ ಆರ್ಡರ್?”

“ನಮಗಿನ್ನಾ ಬಂದಿಲ್ಲ. ಬಂದ್ರ...” ಎಂದವನು ಮಾತು ಮುಗಿಸದೆ ನೆಲ ನೋಡಿದ. ಅವನು ಬೈದಿದ್ದರೂ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅತ್ತೆ ಸೆರಗು ಸಿಕ್ಕಿಸಿ ಎದ್ದರು. “ಗಂಡಸರಿಲ್ಲ. ನಾನ ಬರ್ತೇನಿ,” ಎಂದು ಜೀಪು ಹತ್ತಿದರು. ನಾನು ಒಬ್ಬಳೇ ಹೊಗೆ ಕುಡಿಯುತ್ತ ಕೂತೆ. ಮಧ್ಯಾಹ್ನ ಕಳೆದು ಅವರು ಮಸಿ ಮೆತ್ತಿದ ಮುಖದಲ್ಲಿ ಮರಳಿದಾಗ ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ. ಹಿಂದೆಂದೂ ಹಾಗೆ ತಬ್ಬಿದ್ದಿಲ್ಲ.

ಕೆಲವೇ ದಿನಗಳಲ್ಲಿ ಕೋರ್ಟು ತನ್ನ ಆದೇಶವನ್ನು ತಾನೇ ತಡೆಹಿಡಿಯಿತು. ಗಂಡ ಪೇಢೆ ತಂದು ವಕೀಲರಿಗೆ ಫೋನ್ ಹಚ್ಚಿದರು. “ತಡೆ ಸಿಕ್ಕೈತಿ, ಹಕ್ಕು ಸಿಕ್ಕಿಲ್ಲ ನೋಡ್ರಿ,” ಎಂದರು ವಕೀಲರು. ಪೇಢೆಯ ಪೊಟ್ಟಣ ಸಂಜೆಯವರೆಗೂ ಬಿಚ್ಚದೆ ಉಳಿಯಿತು.

ಮಳೆಗಾಲಕ್ಕೆ ಮೊದಲು ಹಂಚು ಹೊದಿಸಿದೆವು. ಮಗಳು ಇದೇ ಮನೆಗೆ ಬಂದಳು, ಈಗ ಶಾಲೆಗೆ ಹೋಗುತ್ತಾಳೆ. ಪ್ರಕರಣ ಮಾತ್ರ ಮುಗಿದಿಲ್ಲ. ವಿಚಾರಣೆಯ ದಿನ ವಕೀಲರ ಫೋನ್ ಬರುವ ತನಕ ಅತ್ತೆ ಊಟ ಮುಟ್ಟುವುದಿಲ್ಲ. ನಾನು ಉಣ್ಣುತ್ತೇನೆ. ಏನು ಉಂಡೆನೆಂದು ಕೇಳಿದರೆ ಹೇಳಲಾರೆ.